ಬಳೆಗಾರನ ಬೈಕು

ಶಿಷ್ಯ ಕೇಳಿದ: "ಗುರುಗಳೇ, ಇಲ್ಲಿಗೆ ಬಂದ ಮೇಲೆ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಮನೆಯಲ್ಲಿ ದಿನವೂ ಬರುತ್ತಿತ್ತು. ಅಂದಮೇಲೆ ದೋಷ ಮನೆಯದೇ ಅಲ್ಲವೇ?"

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಅವನ ಕಡೆಗೆ ಸ್ವಲ್ಪ ಸರಿಸಿದರು. ಅವನೂ ಕುಳಿತು ಸುಲಿಯತೊಡಗಿದ.

ಶಿಷ್ಯ ಮಳೆಗಾಲದ ಮೊದಲಲ್ಲಿ ಆಶ್ರಮಕ್ಕೆ ಬಂದವನು. ಊರಿನಲ್ಲಿ ಅವನೂ ಅವನ ಅಣ್ಣನೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅಣ್ಣ ಬಾಯಿ ತೆರೆದರೆ ಇವನಿಗೆ ಮೈ ಉರಿಯುತ್ತಿತ್ತು. ಒಂದು ದಿನ ರಾಗಿ ಬೀಸಿಸಲು ಬಂದವರ ಎದುರಿಗೇ ಅಣ್ಣನ ಮೇಲೆ ಹಿಟ್ಟಿನ ಡಬ್ಬ ಎಸೆದು, ಉಟ್ಟ ಬಟ್ಟೆಯಲ್ಲೇ ಹೊರಟು ಬಂದಿದ್ದ. ಆಶ್ರಮದಲ್ಲಿ ನೀರು ಸೇದುತ್ತಿದ್ದ, ಹಸುಗಳ ಮೈ ತೊಳೆಯುತ್ತಿದ್ದ, ಯಾರು ಏನು ಹೇಳಿದರೂ ನಗುತ್ತಿದ್ದ. ಅವನನ್ನು ಕರೆದುಕೊಂಡು ಹೋಗಲು ಆ ದಿನ ಸಂಜೆ ಅಣ್ಣ ಬರುವವನಿದ್ದ. ಇವನು ಸಿಟ್ಟು ಗೆದ್ದಿದ್ದಾನೆ, ಇನ್ನು ಇಲ್ಲಿಯೇ ಇರಲಿ ಎಂದು ಗುರುಗಳು ಅಣ್ಣನಿಗೆ ಒಂದು ಮಾತು ಹೇಳಿ ಕಳಿಸಬೇಕು ಎಂಬುದು ಶಿಷ್ಯನ ಬೇಡಿಕೆ.

ಗುರುಗಳು ಅವನಿಗೆ ಬೈಕು ಓಡಿಸಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದ. ಹಾಗಾದರೆ ಈ ಕತೆ ನಿನಗೆ ಬೇಗ ಅರ್ಥವಾಗುತ್ತದೆ ಎಂದು ಹೇಳಿ ಶುರು ಮಾಡಿದರು.

ಒಬ್ಬ ಬಳೆಗಾರನಿದ್ದ. ಅವನಿಗೊಬ್ಬಳು ಹೆಂಡತಿ, ಒಂದು ಬೈಕು. ಎರಡರ ಮೇಲೂ ಅವನಿಗೆ ಪ್ರೀತಿ. ಯಾರ ಮೇಲೆ ಹೆಚ್ಚು ಎಂದು ಹೆಂಡತಿ ಕೇಳಿದರೆ, ಬೈಕು ಎದುರು ಮಾತಾಡುವುದಿಲ್ಲ ಎನ್ನುತ್ತಿದ್ದ. ಅದು ಮುದ್ದೆಯನ್ನೂ ತಿರುವುವುದಿಲ್ಲ ಎಂದು ಅವಳು ಹೇಳುತ್ತಿದ್ದಳು.

ಸಂತೆಯಿಂದ ಸಂತೆಗೆ ಹೋಗಿ ಬಳೆ ಮಾರುವುದು ಅವರ ಕಸುಬು. ಅವನು ಬೈಕು ಓಡಿಸುತ್ತಿದ್ದ. ಅವಳು ಹಿಂದೆ, ಸೀರೆ ಉಟ್ಟ ಹೆಂಗಸರು ಕೂರುವಂತೆ ಎರಡೂ ಕಾಲು ಒಂದೇ ಕಡೆಗೆ ಹಾಕಿ, ಬಳೆಗಳನ್ನು ಸಾಲಾಗಿ ಕಟ್ಟಿದ ಮಲಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಸಂತೆಯಲ್ಲಿ ಚಾಪೆ ಹಾಸುವುದು, ಬಳೆ ಹರಡುವುದು, ಕೂಗುವುದು ಅವನ ಕೆಲಸ. ತೊಡಿಸುವುದು ಅವಳದು. ಹೆಬ್ಬೆರಳಿನ ಬುಡವನ್ನು ಒಮ್ಮೆ ಅಮುಕಿ ನೋಡಿದರೆ ಅವಳಿಗೆ ಅಳತೆ ತಿಳಿಯುತ್ತಿತ್ತು. ತೊಡಿಸುತ್ತಾ ಮನೆಯ ಸುದ್ದಿ ಕೇಳುತ್ತಿದ್ದಳು. ಹೇಳುವ ಸುದ್ದಿ ಮುಗಿಯುವಷ್ಟರಲ್ಲಿ ಕೈತುಂಬ ಬಳೆ ಏರಿರುತ್ತಿತ್ತು. ಕೈ ನೊಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ಮದುವೆಯಾಗಲಿ, ಸೀಮಂತವಾಗಲಿ, ಬಳೆ ತೊಡಿಸಲು ಶೆಟ್ಟಮ್ಮನೇ ಬರಬೇಕು ಎನ್ನುತ್ತಿದ್ದರು.

ಹೀಗಿರುವಾಗ ಒಂದು ಸಂತೆಯ ದಿನ, ದಾರಿಯಲ್ಲಿ ಒಂದು ಹಂಪು ಹಾರಿಸಿದ ಕೂಡಲೇ ಬೈಕು ನಿಂತುಹೋಯಿತು. ಎಂಜಿನ್ನು ಇಲ್ಲ, ದೀಪವಿಲ್ಲ, ಹಾರ್ನು ಇಲ್ಲ. ಬಳೆಗಾರ ಬೈಕು ತಳ್ಳಿದ. ಹೆಂಡತಿ ಮಲಾರ ಹೊತ್ತು ಹಿಂದೆ ನಡೆದಳು. ಊರಿನ ಮೆಕ್ಯಾನಿಕ್ ನೋಡಿ, ಫ್ಯೂಸು ಹೋಗಿದೆ ಎಂದ. ಫ್ಯೂಸೆಂದರೆ ಒಂದು ಸಣ್ಣ ತಂತಿ. ಕರೆಂಟು ಹರಿಯಬಾರದ ಕಡೆ ಹರಿದರೆ ಅದು ತಾನು ಸುಟ್ಟುಕೊಂಡು ಉಳಿದದ್ದನ್ನು ಕಾಯುತ್ತದೆ. ಮೆಕ್ಯಾನಿಕ್ ಹೊಸದನ್ನು ಹಾಕಿ ಕಳಿಸಿದ.

ಮುಂದಿನ ಸಂತೆಗೆ ಹೋಗುವಾಗ ಮತ್ತೆ ಹೋಯಿತು. ಬಳೆಗಾರ ಜೇಬಿನಲ್ಲಿ ಫ್ಯೂಸು ಇಟ್ಟುಕೊಂಡು ತಿರುಗುವುದನ್ನು ಕಲಿತ. ಒಂದು ಹಾಕಿದರೆ ಗುಂಡಿ ಸಿಗುವ ತನಕ ಓಡುತ್ತಿತ್ತು. ಗುಂಡಿಗಳಿಗೆ ಆ ದಾರಿಯಲ್ಲಿ ಕೊರತೆ ಇರಲಿಲ್ಲ.

ಮತ್ತೆ ತಡವಾಗಿ ಸಂತೆಗೆ ಬಂದ ಒಂದು ದಿನ, ಕಾದು ಕುಳಿತ ಹೆಂಗಸರು ಯಾಕೆ ತಡ ಎಂದು ಗದರಿದರು. ಬಳೆಗಾರನಿಗೆ ಏನಾದರೊಂದು ಹೇಳಿ ನಗಿಸಬೇಕಿತ್ತು. ಏನು ಮಾಡೋದು ತಾಯಂದಿರಾ, ಇವಳ ಕಾಲ್ಗುಣ ಹಾಗಿದೆ, ಇವಳು ಹತ್ತಿದರೆ ಬೈಕು ಮುನಿಸಿಕೊಂಡು ಕೂರುತ್ತೆ ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ಅಲ್ಲಿಗೇ ಮುಗಿಯಿತು. ಮಾತು ಮಾತ್ರ ಸಂತೆ ಮುಗಿಸಿಕೊಂಡು ಹೆಂಗಸರ ಜೊತೆ ಅವರವರ ಊರಿಗೆ ಹೋಯಿತು.

ಬಳೆಗಾರ ಮತ್ತೆ ಮೆಕ್ಯಾನಿಕ್ ಬಳಿ ಹೋದ. ಮೆಕ್ಯಾನಿಕ್ ಬ್ಯಾಟರಿ ನೋಡಿದ, ಸರಿಯಿತ್ತು. ಮುಂದಿನ ದೀಪ ಬಿಚ್ಚಿ ಅದರ ಹಿಂದೆ ಗಂಟುಗಂಟಾಗಿದ್ದ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ, ಸರಿಯಿದ್ದವು. ಹಾರ್ನಿನ ಸ್ವಿಚ್ಚಿನ ಮೇಲೆ ಸಂಶಯ ಬಂದು ಅದನ್ನು ಬದಲಿಸಿದ. ತಾನೇ ಹತ್ತಿ ಗುಂಡಿ ಹುಡುಕಿಕೊಂಡು ಹೋಗಿ ಹಾರಿಸಿ ಬಂದ. ಏನೂ ಆಗಲಿಲ್ಲ. ಭಾರಕ್ಕೆ ಹೀಗಾಗುತ್ತದೋ ಏನೋ ಎಂದು ಪಕ್ಕದ ಸಾಮಿಲ್ಲಿನ ದಪ್ಪ ಮನುಷ್ಯನನ್ನು ಹಿಂದೆ ಕೂರಿಸಿಕೊಂಡು ಹೋಗಿ ಬಂದ. ಆ ಮನುಷ್ಯ ಇಳಿಯುವಾಗ ಬೈಕು ನಿಟ್ಟುಸಿರು ಬಿಟ್ಟಿತೇ ಹೊರತು ಫ್ಯೂಸು ಹೋಗಲಿಲ್ಲ. ಬಳೆಗಾರ ತಾನೂ ಪರೀಕ್ಷಿಸಲೆಂದು ಅಕ್ಕಿಮೂಟೆ ಕಟ್ಟಿಕೊಂಡು ಹೋಗಿ ನೋಡಿದ. ಬೈಕು ಚೆನ್ನಾಗಿ ಓಡಿತು.

ಅಂದರೆ ಯಾರು ಕೂತರೂ ಓಡುತ್ತದೆ, ಏನು ಹೇರಿದರೂ ಓಡುತ್ತದೆ, ಅವಳು ಕೂತರೆ ಮಾತ್ರ ನಿಲ್ಲುತ್ತದೆ. ಬಳೆಗಾರನಿಗೆ ಕಾಲ್ಗುಣದಲ್ಲಿ ನಂಬಿಕೆ ಇರಲಿಲ್ಲ. ಆದರೆ ಬೈಕಿಗೆ ಇದ್ದಂತೆ ಕಂಡಿತು.

ಹೆಂಡತಿಯೇ ಒಂದು ದಿನ ಮಲಾರವನ್ನು ಅವನ ಕೈಗೆ ಕೊಟ್ಟಳು. ನೀವೊಬ್ಬರೇ ಹೋಗಿ ಬನ್ನಿ, ನನಗೂ ಸೊಂಟನೋವು, ಮನೆಯಲ್ಲಿ ಇರುತ್ತೇನೆ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅವನಿಗೆ ಬೇಸರವಾಯಿತು. ಅದರ ಹಿಂದೆಯೇ ಸ್ವಲ್ಪ ನಿರಾಳವೂ ಆಯಿತು. ಆ ನಿರಾಳವನ್ನು ಅವಳು ಅವನ ಮುಖದಲ್ಲಿ ನೋಡಿದಳು.

ಅವನೊಬ್ಬನೇ ಹೋಗತೊಡಗಿದ. ಬೈಕು ಒಂದು ದಿನವೂ ನಿಲ್ಲಲಿಲ್ಲ. ಬೈಕು ಸರಿಹೋಯಿತು ಎಂದು ಅವನು ಕೇಳಿದವರಿಗೆಲ್ಲ ಹೇಳಿದ. ಬಳೆ ತೊಡಿಸುವ ಕೆಲಸ ಅವನ ಮೇಲೆ ಬಿತ್ತು. ಅವನ ಕೈಯಲ್ಲಿ ಬಳೆ ಒಡೆಯುತ್ತಿತ್ತು. ಶೆಟ್ರೇ, ಇದು ಕೈ, ಕೊರಡಲ್ಲ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು ಶೆಟ್ಟಮ್ಮ ಬರುವ ತನಕ ಬರಿಗೈಯಲ್ಲೇ ಇರುತ್ತೇನೆ ಎಂದು ಎದ್ದುಹೋದಳು. ಆದರೆ ಶೆಟ್ಟಮ್ಮ ಯಾಕೆ ಬರಲಿಲ್ಲ ಎಂದು ಕೇಳುವವರು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರು. ಅದನ್ನು ಅವನು ಗಮನಿಸಲಿಲ್ಲ.

ಆಗ ಒಂದು ಊರಿನ ಅಜ್ಜಿ ಅವನನ್ನು ಪಕ್ಕಕ್ಕೆ ಕರೆದಳು. ಅವಳ ಮನೆಯ ಸೊಸೆಯಂದಿರಿಗೆಲ್ಲ ಬಳೆ ತೊಡಿಸಿದವಳು ಬಳೆಗಾರನ ಹೆಂಡತಿಯೇ. ಈಗ ಮೊಮ್ಮಗಳಿಗೆ ಸೀಮಂತ. ಹಸಿರು ಬಳೆ ತೆಗೆದುಕೊಂಡು ಬಾ ಎಂದಳು. ಆಮೇಲೆ ದನಿ ತಗ್ಗಿಸಿ, ನೀನೊಬ್ಬನೇ ಬಾ, ತಪ್ಪು ತಿಳಿಯಬೇಡ, ಚೊಚ್ಚಲ ಬಸುರಿ, ಹುಡುಗಿಗೆ ಹೆದರಿಕೆ ಎಂದಳು.

ಬಳೆಗಾರನಿಗೆ ಅರ್ಥವಾಗಲಿಲ್ಲ. ಹೆಂಡತಿ ಬಂದರೆ ಹೆದರಿಕೆ ಏಕೆ ಎಂದು ಕೇಳಿದ.

ಅಜ್ಜಿ ಅವನ ಮುಖವನ್ನೇ ನೋಡಿ ಮೆಲ್ಲಗೆ ಹೇಳಿದಳು: "ಅವಳ ಕಾಲ್ಗುಣ ಸರಿಯಿಲ್ಲ ಅಂತ ನೀನೇ ಅಂದ್ಯಲ್ಲಪ್ಪಾ."

ಬಳೆಗಾರ ಮನೆಗೆ ಬಂದ. ಇಂಥ ಮನೆಯಲ್ಲಿ ಸೀಮಂತ ಎಂದಷ್ಟೇ ಹೆಂಡತಿಗೆ ಹೇಳಿದ. ಅವಳು ಕೂಡಲೇ ಹಸಿರು ಬಳೆಗಳನ್ನು ಹರಡಿಕೊಂಡು ಕುಳಿತಳು. ಒಂದೊಂದನ್ನೂ ಉಗುರಿನಿಂದ ತಟ್ಟಿ, ನಾದ ಕೇಳಿ, ಕಣ್ಣಿಗೆ ಕಾಣದ ಬಿರುಕಿದ್ದವನ್ನು ಬೇರೆ ಇಟ್ಟಳು. ಬಸುರಿಯ ಕೈ ಊದಿರುತ್ತದೆ, ಒಂದು ಅಳತೆ ದೊಡ್ಡದನ್ನೇ ಇಟ್ಟಿದ್ದೇನೆ ಎಂದಳು. ತೊಡಿಸುವಾಗ ಬೆರಳುಗಳನ್ನು ಹೇಗೆ ಕೂಡಿಸಿ ಹಿಡಿಯಬೇಕು ಎಂದು ಅವನ ಕೈಯನ್ನೇ ಹಿಡಿದು ತೋರಿಸಿದಳು. ನಾನೂ ಬರುತ್ತೇನೆ ಎನ್ನಲಿಲ್ಲ. ನಾನು ಬರಬೇಕೇ ಎಂದೂ ಕೇಳಲಿಲ್ಲ.

ಆ ಮಾತು ತನಗಿಂತ ಮೊದಲೇ ಅವಳಿಗೆ ತಲುಪಿದೆ ಎಂದು ಬಳೆಗಾರನಿಗೆ ಆಗ ತಿಳಿಯಿತು.

ಬೆಳಗಾದ ಕೂಡಲೇ ಅವನು ಮೆಕ್ಯಾನಿಕ್ ಬಳಿ ಹೋದ. ಸರಿಯಾಗಿ ಓಡುತ್ತಿರುವ ಗಾಡಿಯನ್ನು ಯಾಕೆ ತಂದಿರಿ ಎಂದು ಮೆಕ್ಯಾನಿಕ್ ಕೇಳಿದ. ಬಳೆಗಾರ ತಾನು ಆಡಿದ ಮಾತಿನಿಂದ ಹಿಡಿದು ಅಜ್ಜಿಯ ಮಾತಿನ ತನಕ ಎಲ್ಲವನ್ನೂ ಹೇಳಿದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹೇಳಿದ: "ನಾವಿಬ್ಬರೂ ದಡ್ಡರು ಶೆಟ್ರೇ. ಅಕ್ಕನ್ನ ಮನೇಲಿ ಬಿಟ್ಟು ಬರೀ ಗಾಡೀನ ನೋಡ್ತಾ ಕೂತಿದ್ವಿ. ಕೆಡದೇ ಇರೋ ಹೊತ್ನಲ್ಲಿ ನೋಡಿದ್ರೆ ಕೆಟ್ಟಿರೋದು ಹೆಂಗೆ ಕಾಣ್ತದೆ?" ಅವಳನ್ನು ಹಿಂದೆ ಕೂರಿಸಿಕೊಂಡೇ ಬರಬೇಕು, ದಾರಿಯಲ್ಲಿ ನಿಂತರೂ ಅವಳು ಇಳಿಯಬಾರದು, ಹೇಗೆ ಕೂತಿರುತ್ತಾಳೋ ಹಾಗೆಯೇ ತನ್ನ ಮುಂದೆ ಬರಬೇಕು ಎಂದು ಹೇಳಿ ಕಳಿಸಿದ.

ಹೆಂಡತಿ ಒಪ್ಪಲಿಲ್ಲ. ಹಿಟ್ಟಿನ ಕೈಯಲ್ಲೇ ಒಲೆಯ ಮುಂದೆ ಕೂತಿದ್ದಳು.

"ನಾನು ಹತ್ತಿದ್ರೆ ನಿಲ್ತದೆ" ಎಂದಳು.

"ನಿಲ್ಲಲಿ ಅಂತಾನೇ ಕರೀತಾ ಇರೋದು" ಎಂದ.

"ನಿಂತ್ರೆ ತಳ್ಳೋರು ಯಾರು?"

"ನಾನು."

"ನಾನು ಇಳಿಯಲ್ಲ."

"ಇಳೀಬೇಡ."

ಅವಳು ಕೈ ತೊಳೆದುಕೊಂಡು ಬಂದಳು. ಶಾಲೆಯ ಮುಂದಿನ ಹಂಪಿನಲ್ಲಿ ಬೈಕು ನಿಂತಿತು. ಬಳೆಗಾರ ಇಳಿದು ತಳ್ಳಿದ. ಅವಳು ಸೆರಗು ಸರಿಮಾಡಿಕೊಂಡು ಮೇಲೆ ಕೂತೇ ಇದ್ದಳು. ಅಂಗಡಿಯವರು ಎದ್ದು ನಿಂತು ನೋಡಿದರು. ಯಾರೋ, ಶೆಟ್ರು ಹೆಂಡತೀನ ಮೆರವಣಿಗೆ ಮಾಡಿಸ್ತಾ ಇದಾರೆ ಎಂದರು. ಇವನು ಏದುಸಿರಿನಲ್ಲಿ, ತಡವಾಯಿತು, ಮೊದಲೇ ಮಾಡಿಸಬೇಕಿತ್ತು ಎಂದ.

ಮೆಕ್ಯಾನಿಕ್ ಸುಟ್ಟ ಫ್ಯೂಸು ತೆಗೆದು, ಆ ಜಾಗಕ್ಕೆ ಎರಡು ತಂತಿಯಿಂದ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಕರೆಂಟು ದಾರಿ ತಪ್ಪಿ ಹರಿದಾಗ ಫ್ಯೂಸು ಸುಡುವ ಬದಲು ಇದು ಜೋರಾಗಿ ಉರಿಯುತ್ತದೆ ಎಂದು ವಿವರಿಸಿದ. ಅವಳು ಕೂತಿದ್ದಂತೆಯೇ ಬೈಕಿನ ಹಿಂಭಾಗವನ್ನು ಕೈಯಿಂದ ಅಮುಕಿ ಕುಲುಕಿದ. ಅಮುಕಿದಾಗಲೆಲ್ಲ ಬಲ್ಬು ಜೋರಾಗಿ ಉರಿಯಿತು. ಅವಳನ್ನು ಇಳಿಸಿ ಬಳೆಗಾರನನ್ನು ಕೂರಿಸಿದ. ಅವನು ಗಂಡಸರು ಕೂರುವಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತ. ಎಷ್ಟು ಕುಲುಕಿದರೂ ಬಲ್ಬು ಮಂಕಾಗಿಯೇ ಇತ್ತು.

ನೋಡುತ್ತಾ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ತಲೆ ತಗ್ಗಿಸಿದಳು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಆಮೇಲೆ ಬಳೆಗಾರನಿಗೆ, ಅಕ್ಕ ಕೂತ ಹಾಗೆ ಕೂರಿ ಎಂದ. ಇಷ್ಟು ಜನರ ಮುಂದೆಯೇ ಎಂದು ಬಳೆಗಾರ ಕೇಳಿದ. ಇಷ್ಟು ಜನರ ಮುಂದೆಯೇ ಎಂದ ಮೆಕ್ಯಾನಿಕ್. ಬಳೆಗಾರ ಪಂಚೆ ಮಡಿಸಿ, ಎರಡೂ ಕಾಲು ಒಂದೇ ಕಡೆಗೆ ಇಳಿಬಿಟ್ಟು, ಹೊಸ ಮದುವಣಗಿತ್ತಿಯ ಹಾಗೆ ಕೂತ. ಮೆಕ್ಯಾನಿಕ್ ಕುಲುಕಿದ. ಬಲ್ಬು ಜೋರಾಗಿ ಉರಿಯಿತು.

"ಅಯ್ಯೋ ಪಾಪ" ಎಂದಳು ಹೆಂಡತಿ. "ನಿಮ್ಮ ಕಾಲ್ಗುಣಾನೂ ಹಿಂಗೇನಾ?"

ಸೀಟು ಬಿಚ್ಚಿ ನೋಡಿದರು. ಕೆಳಗೆ ಒಂದು ಹಲಗೆಯ ತುಂಡಿತ್ತು. ಬೈಕು ಮೊದಲ ಸಲ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಅದನ್ನು ಸೀಟು ಹೊಲಿಯುವವನಿಂದ ಹಾಕಿಸಿದವನು ಬಳೆಗಾರನೇ. ಹಾಳು ರಸ್ತೆಯಲ್ಲಿ ಕೂತು ಕೂತು ಹೆಂಡತಿಗೆ ಸೊಂಟ ನೋಯುತ್ತದೆ ಎಂದು, ಹಲಗೆ ಕೊಟ್ಟು ಮೇಲೆ ದಪ್ಪ ಸ್ಪಂಜು ಇಡಿಸಿದ್ದ. ಹಲಗೆಗೆ ಹೊಡೆದ ಒಂದು ಸ್ಕ್ರೂ ಉದ್ದವಾಗಿ ಕೆಳಗೆ ಚಾಚಿತ್ತು. ಹಿಂದಿನ ದೀಪಕ್ಕೆ ಹೋಗುವ ತಂತಿ ಅದರ ಪಕ್ಕದಲ್ಲೇ ಹಾದುಹೋಗಿತ್ತು. ಸ್ಕ್ರೂ ತಾಗಿ ತಾಗಿ ತಂತಿಯ ಮೈ ಸುಲಿದುಹೋಗಿತ್ತು. ಭಾರ ನಡುವೆ ಬಿದ್ದರೆ ಏನೂ ಇಲ್ಲ. ಒಂದು ಬದಿಗೆ ಬಿದ್ದು, ಮೇಲೊಂದು ಗುಂಡಿಯೂ ಬಂದರೆ, ಸೀಟು ಆ ಬದಿಗೆ ವಾಲಿ, ಸ್ಕ್ರೂ ಬರಿ ತಂತಿಯನ್ನು ಬೈಕಿನ ಕಬ್ಬಿಣಕ್ಕೆ ಒತ್ತುತ್ತಿತ್ತು.

ಮೆಕ್ಯಾನಿಕ್ ತಂತಿಗೆ ಟೇಪು ಸುತ್ತಿ, ಅದನ್ನು ಇನ್ನೊಂದು ಬದಿಯಿಂದ ಹಾಯಿಸಿ ಕಟ್ಟಿದ. ಗಿಡ್ಡ ಸ್ಕ್ರೂ ಹಾಕಿದ. ಹಲಗೆ ಬೇಡವಾದರೆ ತೆಗೆಯುತ್ತೇನೆ ಎಂದ. ಅದು ಇರಲಿ ಎಂದು ಹೆಂಡತಿ ಹೇಳಿದಳು.

ಸೀಮಂತದ ದಿನ ಅವಳು ಹಿಂದೆ ಕೂತಳು. ಗುಂಡಿ ಬಂದಾಗಲೆಲ್ಲ ಅವನ ಹೆಗಲನ್ನು ಬಿಗಿಯಾಗಿ ಹಿಡಿದಳು. ಬೈಕು ನಿಲ್ಲಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಬಳೆಗಾರ ಎಂಜಿನ್ನು ಆರಿಸದೆ, ಅವಳು ಇನ್ನೂ ಹಿಂದೆ ಕೂತಿರುವಾಗಲೇ ಹೇಳಿದ: "ಅಜ್ಜೀ, ಸುಲಿದದ್ದು ಒಂದು ತಂತಿ. ಸುಲಿಯೋ ಹಾಗೆ ಮಾಡಿದ್ದು ನಾನು. ಕಾಲ್ಗುಣ ಅಂತ ನಗಾಡಿದ್ದೂ ನಾನು. ಬೈಯೋದಾದ್ರೆ ನನ್ನ ಬೈದು, ಇವಳನ್ನ ಒಳಗೆ ಕರ್ಕೋ."

ಅಜ್ಜಿ ಅವನನ್ನು ಬೈದಳು. ಚೆನ್ನಾಗಿಯೇ ಬೈದಳು. ಬೈಯುತ್ತಲೇ ಬಂದು ಅವನ ಹೆಂಡತಿಯ ಕೈ ಹಿಡಿದು ಇಳಿಸಿಕೊಂಡಳು. ಒಳಗೆ ಬಸುರಿ ಹುಡುಗಿ ಹೆದರಿಕೊಂಡೇ ಕೈ ನೀಡಿದಳು. ಶೆಟ್ಟಮ್ಮ ಹೆಬ್ಬೆರಳಿನ ಬುಡವನ್ನು ಅಮುಕಿ ನೋಡಿ, ನಿನ್ನೆ ರಾತ್ರಿ ಮಗು ಒದೆಯಿತೇ ಎಂದು ಕೇಳಿದಳು. ಹುಡುಗಿ ಹೇಳತೊಡಗಿದಳು. ಹೇಳಿ ಮುಗಿಯುವಷ್ಟರಲ್ಲಿ ಎರಡೂ ಕೈ ಹಸಿರಾಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಗುತ್ತಿದ್ದ. ಬಳೆಗಾರ ಪಂಚೆ ಮಡಿಸಿ ಕೂತದ್ದನ್ನು ನೆನೆದು ಮತ್ತೊಮ್ಮೆ ನಕ್ಕ. ಸುಲಿದ ಕಾಳುಗಳನ್ನು ಗುರುಗಳ ಕಡೆಗೆ ಸರಿಸುತ್ತಾ, ಒಳ್ಳೆಯವನು, ಆದರೆ ಎಂಥ ಪೆದ್ದ ಎಂದ.

ಯಾಕೆ ಪೆದ್ದ ಎಂದು ಗುರುಗಳು ಕೇಳಿದರು.

"ಅಲ್ಲ ಗುರುಗಳೇ, ಒಬ್ಬನೇ ಹೋದಾಗ ಓಡಿತು ಅಂತ ಬೈಕು ಸರಿಹೋಯಿತು ಅಂದುಕೊಂಡನಲ್ಲ. ಆಗಲೂ ತಂತಿ ಸುಲಿದೇ ಇತ್ತು. ತಾಗಿಸುವವರು ಹಿಂದೆ ಇರಲಿಲ್ಲ, ಅಷ್ಟೇ."

ಗುರುಗಳು ಮೊರವನ್ನು ಎತ್ತಿಕೊಂಡು ಎದ್ದರು. ಅಣ್ಣ ಬರುವ ದಾರಿಯ ಕಡೆಗೊಮ್ಮೆ ನೋಡಿ, ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಕೇಳಿದರು:

"ಇಲ್ಲಿ ನಿನ್ನ ಹಿಂದೆ ಯಾರು ಕೂತಿದ್ದಾರೆ, ಮಗೂ?"